ಕಿವಿಮೂಳೆಯ ಅಂಚು

‘ಟಕ್’ ಎಂದ ಸದ್ದು ಅಂಥ ದೊಡ್ಡದೇನಲ್ಲ, ಕಡಲೆ ಕಡಿದಷ್ಟು. ಆದರೂ ಹುಡುಗಿಯ ನಗು ಅಲ್ಲೇ ನಿಂತಿತು. ಪಳೆಯುಳಿಕೆ ಲ್ಯಾಬಿನಲ್ಲಿ ಕೂತವಳ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಕಲ್ಲು ಕೊರೆಯುವ ಸಣ್ಣ ಡ್ರಿಲ್ಲು. ಗೆಳತಿ ಕಳಿಸಿದ ಬೆಕ್ಕಿನ ವೀಡಿಯೋಗೆ ಕಿಸಕ್ಕನೆ ನಕ್ಕಿದ್ದೇ ತಡ, ಕೈ ಜಾರಿತ್ತು. ಐದು ಕೋಟಿ ವರ್ಷ ಕಲ್ಲಿನೊಳಗೆ ನೆಟ್ಟಗಿದ್ದ ಕಿವಿಮೂಳೆಯ ಅಂಚು ಮೇಜಿನ ಮೇಲೆ ಬಿದ್ದಿತ್ತು.

ತಿಮಿಂಗಿಲಗಳ ವಂಶಕ್ಕೆ ಮೂಲಪುರುಷ ಎನ್ನಬಹುದಾದ ಪ್ರಾಣಿ ಅದು. ನಾಲ್ಕು ಕಾಲು, ಉದ್ದ ಮೂತಿ. ಕಂಡವರು ನಾಯಿ ಎಂದೇ ಅನ್ನಬೇಕು. ತಿಮಿಂಗಿಲ ಎನ್ನಲು ಈ ಬುರುಡೆಯಲ್ಲಿ ಉಳಿದಿದ್ದ ಸಾಕ್ಷಿ, ತಿಮಿಂಗಿಲದ ಕಿವಿಯ ಗುರುತಾದ ಆ ದಪ್ಪ ಅಂಚೊಂದೇ.

ಬಾಯಿಬಿಟ್ಟು ಹೇಳಿದ್ದರೆ ಒಂದು ತೊಟ್ಟು ಅಂಟಿನಲ್ಲಿ ಮುಗಿಯುತ್ತಿತ್ತು. ಆದರೆ ಫೋನಿನ ವಿಷಯಕ್ಕೆ ಲ್ಯಾಬ್ ನಡೆಸುವ ಮೇಡಂ ಎರಡು ಸಲ ಉಗಿದಿದ್ದರು. ಮೂರನೇ ಸಲಕ್ಕೆ ಲ್ಯಾಬಿನಿಂದ ಆಚೆ. ಹುಡುಗಿ ಚೂರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದಳು.

ಅಷ್ಟರಲ್ಲಿ ಕಲ್ಲಜ್ಜ ಟೀ ಲೋಟ ಹಿಡಿದು ಬಂದ. ಮೂವತ್ತು ವರ್ಷದಿಂದ ಕಲ್ಲಿನಿಂದ ಮೂಳೆ ಬಿಡಿಸುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ಅದು.

“ಏನ್ ತಾಯಿ, ಬಾಯಿಗೆ ಬೀಗ? ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?”

“ಅಜ್ಜ, ಇದು... ಹೀಗೇ ಇತ್ತು. ಕಲ್ಲೊಳಗೇ ಮುರಿದಿತ್ತು.”

ಅಜ್ಜ ಭೂತಗನ್ನಡಿ ಹಿಡಿದು ನೋಡಿದ. ಹಳೆಯ ಒಡಕು ಕಲ್ಲಿನದೇ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಸದು ಸುಣ್ಣದಂತೆ ಬೆಳ್ಳಗಿರುತ್ತದೆ. ಇದು ಅವನೇ ಅವಳಿಗೆ ಕಲಿಸಿದ ಮೊದಲ ಪಾಠ.

“ಹೋಗು, ಮುಖ ತೊಳ್ಕೊಂಡ್ ಬಾ,” ಎಂದನಷ್ಟೆ.

ಅವಳು ಬರುವ ಹೊತ್ತಿಗೆ ಒಡಕು ಕಂದಾಗಿತ್ತು. ಅಜ್ಜನ ಟೀ ಲೋಟದಲ್ಲಿ ಸಣ್ಣ ಕುಂಚವೊಂದು ನಿಂತಿತ್ತು. ಹುಡುಗಿ ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತಳು.

ಮೇಡಂ ಬಂದವರೇ ಬಗ್ಗಿ ನೋಡಿದರು. “ಅಯ್ಯೋ, ಅಂಚೇ ಇಲ್ವಲ್ಲ! ಹಳೇ ಒಡಕಾ, ಅಜ್ಜ?”

“ಹಳೇದೇ ಮೇಡಂ.” ಅಜ್ಜ ನೆಲ ನೋಡುತ್ತಿದ್ದ.

“ನೀವು ಹೇಳಿದ್ಮೇಲೆ ಮುಗೀತು ಬಿಡಿ.” ಮೇಡಂ ತಾವೊಮ್ಮೆ ಪರೀಕ್ಷಿಸುವ ಗೋಜಿಗೂ ಹೋಗದೆ ದಾಖಲೆ ಪುಸ್ತಕ ತೆರೆದರು. “ತಿಮಿಂಗಿಲ ಅಂತ ಬರೆಯೋಕಾಗಲ್ಲ. ಗುರುತು ಸಿಗದ ಪ್ರಾಣಿ ಅಂತ ಹಾಕ್ತೀನಿ.”

ಪೆನ್ನು ಕಾಗದ ಮುಟ್ಟಿತು. ಹುಡುಗಿಯ ಕಿವಿ ಕಾದ ಕಾವಲಿಯಾಗಿತ್ತು. ಬೈಗುಳವಾದರೂ ಬೀಳಬಾರದೇ ಅನ್ನಿಸಿತು. ಅಜ್ಜನ ಬಗ್ಗಿದ ಕತ್ತನ್ನು ನೋಡಲಾಗಲಿಲ್ಲ.

“ಮೇಡಂ, ನಿಲ್ಲಿ!” ಜೇಬಿನ ಟಿಶ್ಯೂ ಮೇಜಿನ ಮೇಲಿಟ್ಟಳು. “ನಾನೇ ಮುರಿದಿದ್ದು. ಫೋನ್ ನೋಡ್ತಿದ್ದೆ. ಅಜ್ಜಂದೇನೂ ತಪ್ಪಿಲ್ಲ.”

ಮೇಡಂ ಒದ್ದೆ ಹತ್ತಿಯಿಂದ ಒಡಕನ್ನು ಒರೆಸಿದರು. ಹತ್ತಿ ಕಂದಾಯಿತು, ಮೂಗಿನ ಹತ್ತಿರ ಹಿಡಿದರೆ ಟೀ ವಾಸನೆ. ಬೈಗುಳಕ್ಕೆ ಸಜ್ಜಾಗಿ ಕಣ್ಣು ಮುಚ್ಚಿದ್ದ ಹುಡುಗಿಯ ಕಡೆ ಅವರು ತಿರುಗಲೇ ಇಲ್ಲ.

“ಅಜ್ಜ... ನೀವಾ?”

ಹುಡುಗಿ ಕಣ್ಣು ಬಿಟ್ಟಳು. ತನ್ನ ತಪ್ಪೊಪ್ಪಿಗೆ ಯಾರ ತಲೆಯ ಮೇಲೆ ಬಿತ್ತೆಂದು ಆಗ ತಿಳಿಯಿತು.

ಅಜ್ಜ ಪಕ್ಕದ ಕಲ್ಲೊಂದನ್ನು ಎಳೆದುಕೊಂಡು ಉಫ್ ಎಂದು ಊದಿದ. ಅದರ ಮೇಲೆ ಧೂಳೇ ಇರಲಿಲ್ಲ. ಆದರೂ ಮತ್ತೊಮ್ಮೆ ಊದಿದ.