ಎಡಗಡೆಯ ಕುರ್ಚಿ

ಸತ್ಯವತಿ ಕುರ್ಚಿ ಎಳೆದುಕೊಂಡು ಹೋಗಿ ಮೈಕಿನ ಎಡಗಡೆ, ಗೋಡೆಯ ಪಕ್ಕ ಹಾಕಿಕೊಂಡರು. ಫ್ಯೂನರಲ್ ಹೋಮಿನ ಎಸಿ ಗಾಳಿ ಮುಂದಿನ ಸಾಲಿಗೇ ಹೊಡೆಯುತ್ತಿತ್ತು. ಗಂಡ ಅನಂತಪದ್ಮನಾಭ ಪೆಟ್ಟಿಗೆಯಲ್ಲಿ ಮಲಗಿದ್ದರು. ಆಸ್ಪತ್ರೆ, ಫೋನು, ಬಂದುಹೋಗುವವರು ಎಂದು ಆಕೆಗೆ ಸಾಕುಸಾಕಾಗಿ, ಅಳುವುದಕ್ಕೂ ತ್ರಾಣವಿರಲಿಲ್ಲ.

“ಅಲ್ಲಿ ಒಬ್ಳೇ ಯಾಕಮ್ಮಾ?” ಮಗಳು ಇಂಚರಾ ಕೇಳಿದಳು.

“ಚಳಿ ಕಣೇ. ನೀನು ಅಲ್ಲೇ ಕೂತ್ಕೋ.”

ಕನ್ನಡ ಕೂಟದ ಅಧ್ಯಕ್ಷ ವ್ಯಾಸರಾಜ ಮೊದಲು ಮಾತಾಡಿದರು. ಅನಂತಪದ್ಮನಾಭರು ಸಂಸ್ಕೃತಿ ಉಳಿಸಿದವರಂತೆ. ನಾಟಕದಿಂದ ಈ ಅಮೆರಿಕದಲ್ಲೊಂದು ಸಮಾಜವನ್ನೇ ಕಟ್ಟಿದವರಂತೆ. ಕಟ್ಟಿದರು, ಸರಿ. ಮನೆಯ ಗ್ಯಾರೇಜಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತಲ್ಲ, ಅದನ್ನು ರಿಪೇರಿ ಮಾಡಿಸುವುದಕ್ಕೆ ಮಾತ್ರ ಪುಣ್ಯಾತ್ಮನಿಗೆ ಪುರುಸೊತ್ತಿರಲಿಲ್ಲ. ಸತ್ಯವತಿಗೆ ಗಂಡನ ಮೇಲೆ ಇನ್ನೂ ಸಿಟ್ಟಿತ್ತು. ಆದರೂ ಪೆಟ್ಟಿಗೆ ಮುಚ್ಚುವ ಮುಂಚೆ ಯಾರಾದರೂ ಅವರ ಬಗ್ಗೆ ಒಂದೇ ಒಂದು ನಿಜವಾದ ಮಾತು ಆಡಲಿ ಎಂದು ಆಸೆಯಾಗಿತ್ತು.

*

ಅನಂತಪದ್ಮನಾಭ ಪ್ರಾಂಪ್ಟರು. ಸನ್ನಿವೇಲಿನ ನಾಟಕ ತಂಡದಲ್ಲಿ ಎಡಗಡೆಯ ಪರದೆ ಮರೆಯಲ್ಲಿ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟುವುದು ಅವರ ಕೆಲಸ. ಆಫೀಸು, ಫ್ರೀವೇ ಎಂದು ಹೈರಾಣಾಗಿ ಬರುವ ಇಂಜಿನಿಯರುಗಳು ಬಾಯಿಪಾಠ ಮಾಡುವುದನ್ನೇ ಬಿಟ್ಟಿದ್ದರು. ಎಡಕ್ಕೆ ಕಿವಿ ಕೊಟ್ಟು, ಕೇಳಿಸಿದ್ದನ್ನು ಹೇಳಿಬಿಡುತ್ತಿದ್ದರು.

“ಅವ್ರಿಗೆ ಕೇಳಿಸ್ದಿದ್ರೆ?” ಸತ್ಯವತಿ ಒಮ್ಮೆ ಕೇಳಿದ್ದರು.

“ಇನ್ನೊಂದ್ಸಲ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಮೂರನೇ ಸಲ ಮಾತ್ರ ಹೇಳ್ಬಾರ್ದು ಕಣೇ. ಪಾಪ, ಅವನಿಗೆ ಕೇಳಿಸಿರುತ್ತೆ. ಹೇಳಕ್ಕಾಗ್ತಿರಲ್ಲ.”

“ಈ ಶನಿವಾರಾನೂ ರಿಹರ್ಸಲ್ಲಾ?”

“ಇದೊಂದು ನಾಟಕ ಮುಗೀಲಿ. ಆಮೇಲೆ ಮನೇಲೇ ಇರ್ತೀನಿ.”

*

ಕೊನೆಗೆ ತಂಡದ ಹೀರೋ ಜಯರಾಮ್ ಎದ್ದರು. ರಾಜನ ಪಾರ್ಟು ಮಾಡಿ ಮಾಡಿ ಪಳಗಿದ ಗಂಟಲು.

“ನಮ್ಮ ಅನಂತಣ್ಣ...” ಎಂದರು. ಮುಂದಿನ ಮಾತು ಬರಲಿಲ್ಲ. ಅಭ್ಯಾಸಬಲ, ಕತ್ತು ಎಡಕ್ಕೆ ವಾಲಿತು.

ಅಲ್ಲಿ ಕೂತಿದ್ದ ಸತ್ಯವತಿ ತಮ್ಮಷ್ಟಕ್ಕೆ ಗೊಣಗಿಕೊಂಡರು: “ಒಂದು ಶನಿವಾರಾನೂ ಮನೇಲಿರ್ಲಿಲ್ಲ.”

“ಒಂದು ಶನಿವಾರಾನೂ ಮನೇಲಿರ್ಲಿಲ್ಲ,” ಜಯರಾಮರ ದನಿ ಹಾಲ್ ತುಂಬ ಕೇಳಿಸಿತು. ಹೇಳಿದ ಮೇಲೆ ಅವರಿಗೇ ದಿಗಿಲಾಯಿತು. ಯಾರೋ ಕೆಮ್ಮಿದರು. ವ್ಯಾಸರಾಜ ನೆಲ ನೋಡಿದರು.

ಸತ್ಯವತಿ ಬೆನ್ನು ನೆಟ್ಟಗೆ ಮಾಡಿ ಕೂತರು. ಈ ಸಲ ಬೇಕೆಂದೇ ಪಿಸುಗುಟ್ಟಿದರು. “ಊಟ ತಣ್ಣಗಾಗ್ತಿತ್ತು. ನಾನು ಕಾಯ್ತಿದ್ದೆ.”

“ಊಟ ತಣ್ಣಗಾಗ್ತಿತ್ತು,” ಎಂದರು ಜಯರಾಮ್. “ಸತ್ಯಕ್ಕ ಕಾಯ್ತಿದ್ರು. ನಾವು ಕಳಿಸ್ತಿರ್ಲಿಲ್ಲ.” ಕೊನೆಯ ಮಾತು ಅವರದೇ.

“ಅಮ್ಮಾ, ಪ್ಲೀಸ್,” ಎಂದಳು ಇಂಚರಾ. ಸತ್ಯವತಿ ಅತ್ತ ನೋಡದೆ ಮತ್ತೆ ಪಿಸುಗುಟ್ಟಿದರು:

“ಇದೊಂದು ನಾಟಕ ಮುಗೀಲಿ, ಆಮೇಲೆ ಮನೇಲೇ ಇರ್ತೀನಿ ಅಂದಿದ್ರು.”

ಜಯರಾಮ್ ಬಾಯಿ ತೆರೆದರು. ಸ್ವರ ಹೊರಡಲಿಲ್ಲ.

ಸತ್ಯವತಿ ಅದನ್ನೇ ಸ್ವಲ್ಪ ಗಟ್ಟಿಯಾಗಿ ಇನ್ನೊಂದು ಸಲ ಹೇಳಿದರು.

ಜಯರಾಮ್ ಮೈಕು ಹಿಡಿದುಕೊಂಡು ಎಡಕ್ಕೇ ನೋಡುತ್ತ ನಿಂತಿದ್ದರು. ಮೂರನೇ ಸಲ ಸತ್ಯವತಿ ಹೇಳಲಿಲ್ಲ.