ಬಗ್ಗದೆ ಕೂತ ಮೂವರು

"ಇನಾಯಾನ ಸ್ಕೂಲ್ ಲಾಕ್‌ಡೌನ್ ಆಗೇದ ಅಬ್ಬಾ. ಬಾಗಿಲೆಲ್ಲಾ ಒಳಗಿಂದ ಹಾಕ್ಯಾರ."

ಸೊಹೈಲ್ ಹೀಗೆಂದಾಗ ಬಷೀರ್ ಸಾಹೇಬರು ಚಹಾದಲ್ಲಿ ಬಿಸ್ಕತ್ತು ಅದ್ದಿ ಹಿಡಿದಿದ್ದರು. ಅದು ಮೆತ್ತಗಾಗಿ ಕಪ್ಪಿನೊಳಗೆ ಬಿತ್ತು. ಯಾರೋ ಬಂದೂಕು ಹಿಡಿದು ಶಾಲೆಯೊಳಗೆ ಹೋದನೆಂದು ಪೊಲೀಸರಿಗೆ ಫೋನ್ ಬಂದಿತ್ತಂತೆ. ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಪಾಲಕರು ಬರಬೇಡಿ ಎಂದು ಶಾಲೆಯಿಂದ ಬಂದ ಮೆಸೇಜಿನಲ್ಲೇ ಇತ್ತು. ಸೊಹೈಲ್ ಆಗಲೇ ಕಾರಿನ ಕೀ ಹುಡುಕುತ್ತಿದ್ದ.

"ಇವತ್ತ ಅಕಿ ಪ್ರೆಸೆಂಟೇಶನ್ ಇತ್ತಲ್ಲೋ," ಎಂದರು ಬಷೀರ್. "ಈಗ ನಡದಿರಬೇಕು ಅದು."

ಬಷೀರ್ ಸಾಹೇಬರು ಗದಗಿನ ಕಾಲೇಜಿನಲ್ಲಿ ಆಯುಷ್ಯವಿಡೀ ರಾಜ್ಯಶಾಸ್ತ್ರ ಹೇಳಿ ಗಂಟಲು ಹರಿದುಕೊಂಡವರು. ಅಮೆರಿಕದ ಪ್ಲೇನ್‌ಫೀಲ್ಡಿನ ಮಗನ ಮನೆಗೆ ಬಂದಮೇಲೆ ಕೇಳುವವರಿಲ್ಲದೆ ಗಂಟಲು ತುಕ್ಕು ಹಿಡಿದಿತ್ತು. ಅಂಥದರಲ್ಲಿ ಮೊಮ್ಮಗಳು ಇತಿಹಾಸದ ಕ್ಲಾಸಿಗೆ ಸ್ಪೇನ್ ದೇಶದ ಸಂವಿಧಾನ ಆರಿಸಿಕೊಂಡು ಬಂದಳು. ಮುದುಕರಿಗೆ ಇನ್ನೇನು ಬೇಕು? ಊಟದ ಮೇಜೇ ಕ್ಲಾಸ್‌ರೂಮಾಯಿತು.

"ಮೂವತ್ತಾರು ವರ್ಷ ಒಬ್ಬನ ಆಳಿದಾ. ಅವ ಸತ್ತ ಮ್ಯಾಲೆ ಸಂವಿಧಾನ ಬಂತು. ಅದಿನ್ನೂ ತೊಟ್ಟಿಲ ಕೂಸು, ಅಷ್ಟರಾಗ ಒಂದು ಸಂಜೀ ಮುಂದ ಸರಕಾರ ಕೆಡವಲಿಕ್ಕೆ ಪಾರ್ಲಿಮೆಂಟಿಗೆ ಬಂದೂಕದವರು ನುಗ್ಗಿದ್ರು. 'ಎಲ್ಲಾರೂ ನೆಲಕ್ಕ' ಅಂತ ಒದರಿ ಮ್ಯಾಲಿನ ಛತ್ತಿಗೆ ಗುಂಡು ಹೊಡದ್ರು. ಮುನ್ನೂರರ ಮ್ಯಾಲೆ ಮೆಂಬರು ಬೆಂಚಿನ ಕೆಳಗ ತೂರಿಕೊಂಡ್ರು. ಮೂರೇ ಮಂದಿ ಬಗ್ಗಲಿಲ್ಲ."

"ವೈ ವುಡ್ ಎನಿಬಡಿ ನಾಟ್ ಗೆಟ್ ಡೌನ್, ದಾದಾ?" ಎಂದು ಇನಾಯಾ ಕೇಳಿದ್ದಳು. ಬಂದೂಕು ಬಂದರೆ ಮೇಜಿನ ಕೆಳಗೆ ಅಡಗಬೇಕೆಂದು ಕಿಂಡರ್‌ಗಾರ್ಟನ್ನಿನಿಂದ ಕಲಿತ ಹುಡುಗಿ.

"ಯಾಕಂದ್ರ ಅವರಿಗೆ ಬೆನ್ನೆಲುಬಿತ್ತು ಬೇಟಾ. ಉಳಿದವರಿಗೇನು, ಮೊಣಕಾಲಿಗೆ ಧೂಳ ಹತ್ತಿತು. ಧೂಳ ಹತ್ತಿದವರನ್ನ ಯಾರು ಕೇಳ್ತಾರ?"

ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಭಾಷಣಕ್ಕೆ ಜೀವ ಬರಬೇಕೆಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಿನಿಂದ ಕುಕ್ಕರ್ ಮುಚ್ಚಳಕ್ಕೆ ಸೌಟು ಬಡಿದು ಅಬ್ಬರಿಸಿದರು. ಹುಡುಗಿ ಕಣ್ಣು ಮಿಟುಕಿಸುವುದರೊಳಗೆ ಮೇಜಿನ ಕೆಳಗಿದ್ದಳು. "ನೋಡು, ನೀನೂ ಆ ಮುನ್ನೂರರಾಗ ಒಬ್ಬಾಕಿ," ಎಂದು ಬಷೀರ್ ನಕ್ಕರು. ಅವಳ ಮುಖ ಕೆಂಪಾಯಿತು. ಮತ್ತೆ ಕೂತಳು. ಮತ್ತೆ ಬಡಿದರು. ಭಾನುವಾರದ ಹೊತ್ತಿಗೆ ಮುಚ್ಚಳ ಕಿವಿಯ ಪಕ್ಕದಲ್ಲೇ ಮೊಳಗಿದರೂ ರೆಪ್ಪೆ ಅಲುಗದಂತಾಗಿದ್ದಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದ್ದರು.

ಅಪ್ಪ ಮಗ ಶಾಲೆಯ ಹತ್ತಿರ ಮುಟ್ಟಿದಾಗ ಪೊಲೀಸರು ರಸ್ತೆ ಕಟ್ಟಿದ್ದರು. ಕಾರುಗಳನ್ನೆಲ್ಲ ಶಾಲೆಯ ಎದುರಿನ ಚರ್ಚಿನ ಪಾರ್ಕಿಂಗ್ ಲಾಟಿಗೆ ತಿರುಗಿಸುತ್ತಿದ್ದರು. ಅಲ್ಲಿ ಪಕ್ಕದ ಮನೆಯ ಲೀನಾ ಫೋನ್ ಹಿಡಿದು ನಿಂತಿದ್ದಳು.

"ಅಂಕಲ್, ನಮ್ಮ ಅನುಜ್ ಟೆಕ್ಸ್ಟ್ ಮಾಡ್ದ. ಲೈಟ್ ಆಫ್ ಮಾಡಿ ಎಲ್ರೂ ಡೆಸ್ಕ್ ಕೆಳಗೆ ಕೂತಿದಾರಂತೆ. ಇನಾಯಾ ಏನಂದ್ಲು?"

"ಫೋನ್ ಅಕಿ ಹತ್ರ ಇಲ್ರೀ," ಎಂದ ಸೊಹೈಲ್. "ಅಕಿ ಹಿಸ್ಟರಿ ಕ್ಲಾಸಿನಾಗ ಬಾಗಿಲ ಹತ್ರದ ಚೀಲದಾಗ ಹಾಕಿಸ್ತಾರ."

"ಹೆದರ್ಕೋಬೇಡಿ. ಈ ಮಕ್ಕಳಿಗೆ ಡ್ರಿಲ್ ಬಾಯಿಪಾಠ ಆಗೋಗಿದೆ. ಸದ್ದು ಕೇಳಿದ ತಕ್ಷಣ ತಾವೇ ಕೆಳಗೆ ಹೋಗ್ತಾರೆ."

ಬಷೀರ್ ಆಚೆ ಮುಖ ತಿರುಗಿಸಿದರು. ಹೆಲಿಕಾಪ್ಟರೊಂದು ಶಾಲೆಯ ಮೇಲೆ ಸುತ್ತುತ್ತಿತ್ತು.

"ಸೊಹೈಲ್, ಅಕಿ ಕೆಳಗ ಕೂತಿರ್ತಾಳ ಹೌದಿಲ್ಲೋ?"

"ನೀವ ಹೇಳ್ರಿ ಅಬ್ಬಾ," ಎಂದ ಸೊಹೈಲ್, ಶಾಲೆಯ ಬಾಗಿಲಿನಿಂದ ಕಣ್ಣು ತೆಗೆಯದೆ. "ನೀವ ಕಲಿಸೀರಿ."

ಆ ಸಂಜೆ ಸ್ಪೇನಿನಲ್ಲಿ ಬೆಂಚಿನ ಕೆಳಗೆ ತೂರಿದವರ ಮನೆಗಳಲ್ಲೂ ಯಾರೋ ರೇಡಿಯೋ ಮುಂದೆ ಕೂತು, ಅವರು ಬಗ್ಗಿರಲಿ ಎಂದು ಬೇಡಿಕೊಂಡಿರಬೇಕು. ಇಷ್ಟು ವರ್ಷ ಪಾಠ ಹೇಳಿದರೂ ಅದೊಂದು ಬಷೀರರಿಗೆ ಹೊಳೆದಿರಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಸುಳ್ಳು ಕರೆಯಂತೆ. ಮಕ್ಕಳು ಪೊಲೀಸರು ಹೇಳಿದಂತೆ ತಲೆಯ ಮೇಲೆ ಕೈಯಿಟ್ಟುಕೊಂಡು ಸಾಲಾಗಿ ಹೊರಬಂದರು. ಲೀನಾ ಅನುಜನ ಹೆಸರು ಕೂಗುತ್ತ ಓಡಿದಳು. ಸಾಲಿನ ತುದಿಯಲ್ಲಿ ಇನಾಯಾ, ಭಾಷಣಕ್ಕೆಂದೇ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ ಕಪ್ಪು ಪ್ಯಾಂಟಿನಲ್ಲಿ ಬಂದಳು. ಸೊಹೈಲ್ ಅವಳನ್ನು ಅವಚಿಕೊಂಡ. ಅವಳು ಅಪ್ಪನ ಭುಜದ ಮೇಲಿಂದ ತಾತನನ್ನೇ ನೋಡುತ್ತಿದ್ದಳು.

"ಐ ವಾಸ್ ರೈಟ್ ಅಟ್ ದ ಥ್ರೀ ಗೈಸ್, ದಾದಾ. ಸಮ್‌ಬಡಿ ಬ್ಯಾಂಗ್ಡ್ ಆನ್ ದ ಡೋರ್." ತುಟಿ ಅದುರಿತು. "ಐ ಗಾಟ್ ಡೌನ್. ಐಯಾಮ್ ಸಾರಿ."

ಅವಳ ಎರಡೂ ಮೊಣಕಾಲಿನ ಮೇಲೆ ಕಾರ್ಪೆಟ್ಟಿನ ಬೂದು ಧೂಳು ದುಂಡಗೆ ಅಂಟಿತ್ತು. ತಾತ ಅದನ್ನೇ ನೋಡುತ್ತಿರುವುದು ಕಂಡು ಅವಳು ಕೊಡವಲು ಬಗ್ಗಿದಳು.

"ಇರ್ಲಿ ಬಿಡು ಬೇಟಾ," ಎಂದರು ಬಷೀರ್. ಸೊಹೈಲ್ ಹಿಡಿಯುವಷ್ಟರಲ್ಲಿ ಅವರು ಅಲ್ಲೇ, ಹಿಮ ಕರಗಿ ಕೆಸರಾಗಿದ್ದ ಟಾರಿನ ಮೇಲೆ, ಬಿಳಿ ಪೈಜಾಮದಲ್ಲಿ ಮೊಣಕಾಲೂರಿ, ಎರಡೂ ಅಂಗೈಗಳಿಂದ ಆ ಧೂಳನ್ನು ಮುಚ್ಚಿ ಹಿಡಿದರು.