ಅಸಾಬಿಯ ಹೆಬ್ಬೆಟ್ಟು

ಇಜೆಮೊ ಊರಿನಲ್ಲಿ ಅಸಾಬಿಯ ಬಾಯಿಗೆ ಹೆದರದವರಿರಲಿಲ್ಲ. ಅಡಿಕೆಯಂತೆ ಅಗಿಯುವ ಕೋಲಾ ಕಾಯಿಯ ಸಂತೆಯಲ್ಲಿ ಮೂವತ್ತು ವರ್ಷ ಕೂತು ಗಟ್ಟಿಯಾದ ಬಾಯಿ ಅದು. ಗಂಡ ತೀರಿಕೊಂಡ ಮೇಲೆ, ದೊಡ್ಡವರಾದ ಮಕ್ಕಳನ್ನು ಗಂಡನ ಮನೆಯಲ್ಲಿ ಬಿಟ್ಟು ತವರಿಗೆ ಮರಳಿದ್ದ ಅವಳು, ತಮ್ಮ ಅಡೆಯಂಜುವಿನ ವಿಷಯ ಬಂದರೆ ಮಾತ್ರ ಬೆಣ್ಣೆಯಾಗುತ್ತಿದ್ದಳು. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಅವಳಿಗೆ ಹದಿನಾರು. ಬೆನ್ನಿಗೆ ಕಟ್ಟಿಕೊಂಡು ಸಾಕಿದಳು. ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ಕರೆದುಕೊಂಡೇ ಹೋದಳು, ಓದಿಸಿ ಮೇಷ್ಟರನ್ನಾಗಿ ಮಾಡಿದಳು.

ಅವರ ಅಪ್ಪನಿಗೆ ಇಬ್ಬರು ಹೆಂಡಿರು. ಅಪ್ಪ ಸತ್ತ ನಲವತ್ತನೆಯ ದಿನ ಹಿರಿಯರು ಕೂಡಿ, ಪದ್ಧತಿಯಂತೆ ತಾಯಿಗೊಂದು ಪಾಲು ಎಂದು ನೆಲವನ್ನು ಎರಡು ಮಾಡಿದ್ದರು. ಹೊಳೆದಂಡೆಯ ಕೋಲಾ ತೋಟ ಹಿರಿಯ ಹೆಂಡತಿಯ ಮಕ್ಕಳಾದ ಅಸಾಬಿ, ಅಡೆಯಂಜು ಇಬ್ಬರಿಗೆ ಬಂತು. ಗುಡ್ಡದ ಕೆಳಗಿನ ಕಲ್ಲುನೆಲ ಕಿರಿಯವಳ ಮಗ ಒಯೆಲೆಕೆಗೆ ಹೋಯಿತು. ಅವನ ಹೊಟ್ಟೆಯುರಿ ಎಂದೂ ಆರಲಿಲ್ಲ.

ಊರೊಡೆಯ ತೀರಿಕೊಂಡ ವರ್ಷ ಪಟ್ಟದ ಸರದಿ ಇವರ ಮನೆತನಕ್ಕೆ ಬಂತು. ಮನೆತನದವರು ಒಂದೇ ಹೆಸರು ಹೇಳಬೇಕು. ಅಡೆಯಂಜುವೂ ನಿಂತ, ಒಯೆಲೆಕೆಯೂ ನಿಂತ. ಅಸಾಬಿ ಬುಟ್ಟಿಯಲ್ಲಿ ಕೋಲಾ ಹೊತ್ತು ಹಿರಿಯರ ಮನೆ ಮನೆ ತಿರುಗಿದಳು. ಕೆಲವರಿಗೆ ಕೈಮುಗಿದಳು, ಕೆಲವರನ್ನು ಗದರಿಸಿದಳು.

ಒಂದು ಮಧ್ಯಾಹ್ನ ಅವಳು ಬೇಯಿಸಿದ ಗೆಣಸನ್ನು ಒರಳಲ್ಲಿ ಕುಟ್ಟುತ್ತಿದ್ದಾಗ ಅಡೆಯಂಜು ಕಾಗದ ಹಿಡಿದು ಬಂದ.

“ಅಕ್ಕಾ, ನನ್ನ ಹೆಸರು ಕಳಿಸೋಕೆ ನಿನ್ನ ಒಪ್ಪಿಗೆ ಬೇಕಂತೆ. ಇಲ್ಲೊಂದು, ಇಲ್ಲೊಂದು ಹೆಬ್ಬೆಟ್ಟು ಒತ್ತು.”

“ಎರಡ್ಯಾಕೋ?”

“ಒಂದು ಸರ್ಕಾರಕ್ಕೆ, ಒಂದು ಮನೆತನಕ್ಕೆ.”

ಅವಳು ಕೈ ಒರೆಸಿಕೊಂಡು ಒತ್ತಿದಳು. “ಒಡೆಯ ಆದ್ಮೇಲೆ ನನ್ನನ್ನೂ ಮಂಡಿ ಊರಿಸ್ತೀಯೇನೋ?”

“ಮಂಡಿ ಬೇಡ ಮಾರಾಯ್ತಿ, ಎಲ್ಲರೆದುರು ಬೈಯೋದು ಬಿಟ್ರೆ ಸಾಕು.” ಇಬ್ಬರೂ ನಕ್ಕರು.

ಮನೆತನದ ಸಭೆಯ ದಿನ ಒಯೆಲೆಕೆ ಎದ್ದು ನಿಂತು, “ಅಣ್ಣನೇ ಆಗಲಿ, ನಾನು ಹಿಂದೆ ಸರೀತೀನಿ” ಎಂದುಬಿಟ್ಟ. ಎಲ್ಲರೂ ಬೆರಗಾದರು. ಮನೆತನದ ಯಜಮಾನ, ಚಿಕ್ಕಪ್ಪ ಲಾಜುವೊನ್, ಅಡೆಯಂಜುವಿನ ಹೆಸರು ಸಾರಿದ. ಅಸಾಬಿ ತಲೆಗೆ ಕಟ್ಟಿದ ಬಟ್ಟೆ ಜಾರಿ ಬೀಳುವವರೆಗೂ ಕುಣಿದಳು. ಒಯೆಲೆಕೆಯನ್ನು ತಬ್ಬಿಕೊಂಡು, “ಇಷ್ಟು ವರ್ಷ ನಿನ್ನನ್ನು ತಪ್ಪು ತಿಳಿದಿದ್ದೆ ಕಣಪ್ಪಾ” ಎಂದು ಅತ್ತಳು. ಅವನು ಮೆಲ್ಲಗೆ ಬಿಡಿಸಿಕೊಂಡು ಹೊರಟ.

ಪಟ್ಟವಾಗಿ ಮೂರು ವಾರಕ್ಕೆ ಅವಳು ತೋಟಕ್ಕೆ ಹೋದಾಗ, ತಾಯಿಯ ಗೋರಿಯ ಪಕ್ಕದಲ್ಲೇ ಇಬ್ಬರು ಆಳುಗಳು ಸಿಮೆಂಟಿನ ಗಡಿಗಲ್ಲು ನೆಡುತ್ತಿದ್ದರು. ಒಯೆಲೆಕೆ ಮರದ ನೆರಳಲ್ಲಿ ಕೂತಿದ್ದ.

“ಯಾರ ನೆಲದಲ್ಲಿ ಯಾರ ಕಲ್ಲೋ ಇದು?”

“ನನ್ನ ನೆಲ, ನನ್ನ ಕಲ್ಲು. ನೀನೇ ಹೆಬ್ಬೆಟ್ಟು ಒತ್ತಿ, ಈಗ ನನ್ನನ್ನು ಕೇಳ್ತೀಯಲ್ಲಕ್ಕಾ?” ಅವನು ಕಾಗದ ಬಿಡಿಸಿ ತೋರಿಸಿದ. ಅಡೆಯಂಜುವಿನ ಸಹಿ, ಚಿಕ್ಕಪ್ಪನ ಹೆಬ್ಬೆಟ್ಟು, ಕೊನೆಗೆ ಅವಳದು. ಓದಲು ಬಾರದಿದ್ದರೂ ಆ ಗುರುತಿನ ಅಂಚಿನಲ್ಲಿ ಒಣಗಿದ್ದ ಗೆಣಸಿನ ಹಿಟ್ಟು ಅವಳಿಗೆ ಕಂಡಿತು. ಅಲ್ಲೇ ಗೋರಿಗೆ ಒರಗಿ ಕೂತಳು.

ಆಮೇಲೆ ಎದ್ದವಳೇ ನೆಟ್ಟಗೆ ಒಡೆಯನ ಮನೆಗೆ ನಡೆದಳು. ಜಗುಲಿಯಲ್ಲಿ ಬಹಳ ಹೊತ್ತು ಕಾಯಿಸಿ ಒಳಗೆ ಬಿಟ್ಟರು. ಅಡೆಯಂಜು ಅವಳ ಮುಖ ನೋಡದೆ ಹೇಳಿದ: “ಒಯೆಲೆಕೆ ಹಿಂದೆ ಸರಿಯೋಕೆ ಅದನ್ನೇ ಕೇಳಿದ. ನಾನೇನು ಮಾಡ್ಲಿ? ನಿನ್ನ ಮಕ್ಕಳು ಅವರಪ್ಪನ ಮನೆತನದವರು. ನಿನಗ್ಯಾಕಕ್ಕಾ ನೆಲ?”

“ಹೆಣ್ಣುಮಗಳು ಅಪ್ಪನ ಮಗಳಲ್ಲ ಅಂತ ನಮ್ಮಲ್ಲಿ ಯಾವಾಗಿಂದ ಆಗಿದ್ದೋ? ನೀನು ಒಡೆಯ ಆದಾಗಿಂದಲಾ?”

“ಮೆಲ್ಲಗೆ. ಹೊರಗೆ ಜನ ಇದ್ದಾರೆ.”

“ಇರಲಿ. ಅವರೂ ಕೇಳಲಿ” ಎಂದು ಅವಳು ಹೊರಬಿದ್ದಳು.

ಊರ ಪದ್ಧತಿಯಂತೆ ತೀರ್ಪು ಕೊಡುವ ನ್ಯಾಯಾಲಯದಲ್ಲಿ ಅಸಾಬಿ ಹೂಡಿದ ಮೊಕದ್ದಮೆ ಐದು ತಿಂಗಳು ನಡೆಯಿತು. ಅಡೆಯಂಜು ಪಟ್ಟದ ಹವಳದ ಸರ ಹಾಕಿಕೊಂಡು ಬಂದು ನಿಂತ. “ನಾನೇ ಓದಿ ಹೇಳಿದ್ದೆ, ಸ್ವಾಮಿ. ಒಪ್ಪಿಯೇ ಒತ್ತಿದಳು. ಅಕ್ಕನಿಗೆ ಈಚೆಗೆ ಮರೆವು ಜಾಸ್ತಿ. ಉಪ್ಪು ಹಾಕಿದ್ದನ್ನೇ ಮರೆತು ಮತ್ತೆ ಹಾಕ್ತಾಳೆ.”

ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೆಲ ಹೋದದ್ದಕ್ಕಿಂತ ಆ ಮಾತು ಅಸಾಬಿಗೆ ಆಳಕ್ಕೆ ಚುಚ್ಚಿತು. ತನ್ನ ಕೈಯಡುಗೆ ಉಂಡು ಬೆಳೆದವನ ಬಾಯಿಂದ ಬಂದ ಮಾತು ಅದು. ಅವಳು ಅಳಲಿಲ್ಲ. “ಓಗುನ್ ದೇವರ ಕಬ್ಬಿಣ ಮುಟ್ಟಿ ಆಣೆಯಿಟ್ಟು ಹೇಳಲಿ” ಎಂದಳು, ಅಷ್ಟೇ.

ದೇವರ ಕಬ್ಬಿಣವೆಂದು ಮಚ್ಚೊಂದನ್ನು ತಂದಿಟ್ಟರು. ಅಡೆಯಂಜು ತಾನು ಚರ್ಚಿಗೆ ಹೋಗುವವನು, ಅದನ್ನು ಮುಟ್ಟುವುದಿಲ್ಲ ಎಂದ. ಆಗ ಚಿಕ್ಕಪ್ಪ ಲಾಜುವೊನ್ ಕೋಲೂರಿಕೊಂಡು ಎದ್ದ. ಎಂಬತ್ತು ದಾಟಿದ ಮುದುಕ. ಕಬ್ಬಿಣದ ಮೇಲೆ ಕೈಯಿಟ್ಟ.

“ಪಟ್ಟ ಮುಗಿಯೋವರೆಗೂ ನೆಲದ ವಿಷಯ ಅಸಾಬಿಗೆ ಹೇಳ್ಬೇಡ ಅಂತ ಇವನೇ ನನ್ನನ್ನು ಕೇಳ್ಕೊಂಡ. ನಾನು ಬಾಯಿ ಮುಚ್ಚಿಕೊಂಡೆ. ತಪ್ಪು ನಂದೂ ಇದೆ.”

ತಾಯಿಯ ಪಾಲಿನಲ್ಲಿ ಹಕ್ಕಿರುವ ಒಬ್ಬಳಿಗೆ ಮೋಸ ಮಾಡಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ನ್ಯಾಯಾಲಯ ಆ ಕಾಗದವನ್ನು ರದ್ದು ಮಾಡಿತು. ಗಡಿಗಲ್ಲುಗಳನ್ನು ಕೀಳಿಸಿದರು.

ಮರುವಾರವೇ ಒಯೆಲೆಕೆ ಸಂತೆಗೆ ಬಂದ. “ಅಣ್ಣ ಪಟ್ಟವನ್ನ ನೆಲ ಕೊಟ್ಟು ಕೊಂಡ ಅಂತ ನಾನು ದೂರು ಕೊಡ್ತೀನಿ. ನೀನೊಂದು ಮಾತು ಹೇಳು, ಸಾಕು. ನಾಳೆಯೇ ಇಳೀತಾನೆ.”

“ನಿನ್ನನ್ನು ಹತ್ತಿಸೋಕಾ? ಅವನು ಕದ್ದ, ಆ ಕದ್ದ ಮಾಲು ಕೊಂಡವನು ನೀನು. ನಡಿ ಇಲ್ಲಿಂದ, ಗಿರಾಕಿ ಬರೋ ಹೊತ್ತು.”

ಬೈದು ಕಳಿಸಿದಳೇನೋ ಸರಿ. ಅಂದು ಸಂತೆ ಮುಗಿಯುವವರೆಗೂ ಆ ಒಂದು ಮಾತು ಅವಳ ನಾಲಿಗೆಯ ಮೇಲೇ ಕೂತಿತ್ತು. ತಮ್ಮನ ಮೇಲಿನ ಪ್ರೀತಿಗೆ ಅದನ್ನು ನುಂಗಿದಳೋ, ಇವನ ಮೇಲಿನ ಅಸಹ್ಯಕ್ಕೋ, ಅವಳಿಗೇ ಹೇಳಲಾಗುತ್ತಿರಲಿಲ್ಲ.

ಹೊಸ ಗೆಣಸಿನ ಹಬ್ಬ ಹತ್ತಿರವಾದಾಗ ಅಡೆಯಂಜು ತಾನೇ ತೋಟಕ್ಕೆ ಬಂದ, ಹಿಂದೆ ಮುಂದೆ ಯಾರೂ ಇರಲಿಲ್ಲ. ಒಡೆಯನ ಮೊದಲ ಹಬ್ಬದಲ್ಲಿ ಮನೆಯ ಹಿರಿಮಗಳು ಎದುರು ನಿಂತು ಮನೆತನದ ಬಿರುದು ಹಾಡಬೇಕು.

“ನೀನು ಬರದಿದ್ರೆ ಊರು ಕೇಳುತ್ತೆ, ಅಕ್ಕಾ.”

“ಕೇಳಲಿ. ಮರೆವು ಜಾಸ್ತಿ ಅಲ್ವಾ? ಹಾಡು ಮರೆತುಹೋಯ್ತು ಅನ್ನು.”

ಅವನು ತಲೆತಗ್ಗಿಸಿದ. “ಕೇಳಿದ್ರೆ ನೀನು ಕೊಡಲ್ಲ ಅಂದುಕೊಂಡೆ.”

“ಮೂರು ದಿನ ಬೈತಿದ್ದೆ ಕಣೋ,” ಎಂದಳು ಅವಳು, “ನಾಲ್ಕನೇ ದಿನ ಒತ್ತಿಕೊಡ್ತಿದ್ದೆ. ನಾನು ಎಂಥೋಳು ಅಂತ ಅಷ್ಟೂ ಗೊತ್ತಾಗಲಿಲ್ವಾ ನಿನಗೆ?” ಹೊಳೆಯತ್ತ ಕೈ ತೋರಿಸಿದಳು. “ಆ ಸಾಲಿನಾಚೆಯ ಮರಗಳು ನಿನ್ನ ಪಾಲು. ಅವನ್ನು ಮುಟ್ಟಿಲ್ಲ. ಕಾಯಿ ಬಲಿತಿದೆ, ಆಳು ಕಳಿಸು.”

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಅವಳಾಗಲೇ ಬುಟ್ಟಿ ಎತ್ತಿಕೊಂಡು ಹೊರಟಿದ್ದಳು.

ಹಬ್ಬದ ದಿನ ದಾಯಾದಿ ಹುಡುಗಿಯೊಬ್ಬಳು ತಡವರಿಸುತ್ತ ಬಿರುದು ಹಾಡಿದಳು. ಅಸಾಬಿ ಪಕ್ಕದೂರಿನ ಸಂತೆಯಲ್ಲಿ ಕೂತು ವ್ಯಾಪಾರ ಮಾಡಿದಳು.